ತಮ್ಮನ ಪಾಲಿನ ಮಾತೆಲ್ಲ ನಾನೇ ಆಡುತ್ತಿದ್ದೆ

ಎರಡು ವರ್ಷದ ಹಿಂದೆ, ಗೌರಿ ಹಬ್ಬಕ್ಕೆ ಇನ್ನು ಹದಿನೈದು ದಿನ ಇದೆ ಎನ್ನುವಾಗ, ಜಿಲ್ಲಾಧಿಕಾರಿ ಕಚೇರಿಯ ಒಂದು ಕೋಣೆಯಲ್ಲಿ, ನಾಲ್ಕು ಜನರ ಎದುರಿಗೆ, ನನ್ನ ಒಡಹುಟ್ಟಿದ ತಮ್ಮ ನನ್ನನ್ನು "ಬೇಡ" ಅಂದುಬಿಟ್ಟ. ಭೂಮಿ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸಿತು. ಈಗ ನೆನೆಸಿಕೊಂಡರೆ ನಗು ಬರುತ್ತದೆ. ಆದರೆ ಅವತ್ತು ನಗು ಬಂದಿರಲಿಲ್ಲ.

ತಮ್ಮನ ಹೆಸರು ಶಿವಕುಮಾರ, ನಮಗೆಲ್ಲ ಶಿವು. ನನಗಿಂತ ಎಂಟು ವರ್ಷ ಚಿಕ್ಕವನು, ಆಗ ಅವನಿಗೆ ಮೂವತ್ತೆಂಟು. ಹುಟ್ಟಿನಿಂದಲೇ ಡೌನ್ ಸಿಂಡ್ರೋಮ್ ಇದೆ. ಮಾತು ಸ್ವಲ್ಪ ತೊದಲು, ಕೇಳಿದ್ದನ್ನು ಯೋಚಿಸಿ ಉತ್ತರ ಹೇಳಲು ಒಂದಿಷ್ಟು ಹೊತ್ತು ಬೇಕು. ನಮ್ಮ ಅಪ್ಪಾಜಿಗೆ ಚಿಕ್ಕಪೇಟೆಯಲ್ಲಿ ಲೈನಿಂಗ್ ಬಟ್ಟೆಯ ಅಂಗಡಿಯಿತ್ತು. ಅವರು ತೀರಿಕೊಂಡ ಮೇಲೆ ಅಂಗಡಿ ಬಿಟ್ಟುಕೊಟ್ಟೆವು. ಅಮ್ಮ ಮತ್ತು ಶಿವು ಚಾಮರಾಜಪೇಟೆಯ ಮನೆಯಲ್ಲೇ ಉಳಿದರು. ನಾನು ಮದುವೆಯಾಗಿ ಮಲ್ಲೇಶ್ವರಕ್ಕೆ ಬಂದವಳು, ಅಲ್ಲೇ ಒಂದು ಹೈಸ್ಕೂಲಿನಲ್ಲಿ ಟೀಚರ್. ಮೊದಲೇ ಬಾಯಿ ಜೋರು, ಅದರ ಮೇಲೆ ಇಪ್ಪತ್ತು ವರ್ಷ ಪಾಠ ಮಾಡಿದವಳು. ಹೇಗಿದ್ದೇನು ಎಂದು ನೀವೇ ಊಹಿಸಿಕೊಳ್ಳಿ.

ಚಿಕ್ಕವನಿದ್ದಾಗ ಶಿವುವನ್ನು ಯಾರಾದರೂ "ನಿನ್ನ ಹೆಸರೇನಪ್ಪಾ?" ಎಂದು ಕೇಳಿದರೆ, ಅವನು ಬಾಯಿ ತೆರೆಯುವ ಮೊದಲೇ ನಾನು "ಶಿವಕುಮಾರ" ಎನ್ನುತ್ತಿದ್ದೆ. ಕಾಫಿ ಬೇಕಾ, ಊಟ ಆಯ್ತಾ, ಯಾವ ಬಣ್ಣದ ಶರ್ಟ್ ಇಷ್ಟ, ಎಲ್ಲಕ್ಕೂ ಉತ್ತರ ನನ್ನದೇ. ಅವನು ತಡವರಿಸುವುದನ್ನು ನೋಡಿ ಜನ ಮುಖ ಮುಖ ನೋಡಿಕೊಳ್ಳುತ್ತಿದ್ದರಲ್ಲ, ಅದನ್ನು ನನ್ನಿಂದ ಸಹಿಸಲಾಗುತ್ತಿರಲಿಲ್ಲ. ಪ್ರೀತಿಯಿಂದಲೇ ಶುರುವಾದದ್ದು. ಆಮೇಲೆ ಅದು ಅಭ್ಯಾಸವಾಯಿತು, ಅಭ್ಯಾಸ ಅಂತ ಗೊತ್ತಾಗದಷ್ಟು ಅಭ್ಯಾಸವಾಯಿತು.

ಅಮ್ಮನಿಗೆ ಎಪ್ಪತ್ತೆರಡು ದಾಟಿದ ಮೇಲೆ ಒಂದೇ ಚಿಂತೆ: "ನನ್ನ ಕಣ್ಮುಂದೆನೇ ಒಂದು ಕಾಗದ ಆಗ್ಬಿಡ್ಲಿ ಕಣೇ ಉಮಾ." ಶಿವುವಿಗೆ ಕಾನೂನಿನ ಪ್ರಕಾರ ಒಬ್ಬ ಗಾರ್ಡಿಯನ್ ಬೇಕು, ಆಸ್ಪತ್ರೆಯಲ್ಲೋ ಕಚೇರಿಯಲ್ಲೋ ಅವನ ಪರವಾಗಿ ಸಹಿ ಹಾಕುವವರು ಇರಬೇಕು. ಅದಕ್ಕೆ ಜಿಲ್ಲಾಧಿಕಾರಿ ಕಚೇರಿಯ ಸಮಿತಿಯ ಮುಂದೆ ಅರ್ಜಿ ಹಾಕಬೇಕು. ನಾನಲ್ಲದೆ ಇನ್ಯಾರು? ಅರ್ಜಿ ಬರೆದದ್ದು ನಾನೇ, ಸರ್ಟಿಫಿಕೇಟು ಜೋಡಿಸಿದ್ದು ನಾನೇ. ಅಷ್ಟೇ ಅಲ್ಲ, ಮುಂದೆ ಅಮ್ಮನ ಕೈಯಲ್ಲಿ ಆಗದಿದ್ದಾಗ ಶಿವು ಬಂದಿರಲಿ ಎಂದು ಮಲ್ಲೇಶ್ವರದ ನಮ್ಮ ಮನೆಯ ತಾರಸಿಯ ಮೇಲೆ ಒಂದು ರೂಮನ್ನೂ ಕಟ್ಟಿಸಿದ್ದೆ. ನೀಲಿ ಬಣ್ಣ ಹೊಡೆಸಿದ್ದೆ. ಬಂದವರಿಗೆಲ್ಲ "ಇದು ಶಿವು ರೂಮು" ಎಂದು ತೋರಿಸುತ್ತಿದ್ದೆ. ಜನ "ನಿಮ್ಮಂಥ ಅಕ್ಕ ಸಿಗೋಕೆ ಪುಣ್ಯ ಮಾಡಿರ್ಬೇಕು" ಅಂದಾಗ, ಸುಳ್ಳು ಯಾಕೆ ಹೇಳಲಿ, ಖುಷಿಯಾಗುತ್ತಿತ್ತು.

ಸಮಿತಿಯ ಮುಂದೆ ಹೋದ ದಿನ ಅಮ್ಮ ಶಿವುವಿನ ಹಣೆಗೆ ವಿಭೂತಿ ಹಚ್ಚಿ, ಇಸ್ತ್ರಿ ಮಾಡಿದ ಬಿಳಿ ಶರ್ಟ್ ಹಾಕಿ ಕರೆತಂದಿದ್ದರು. ಮೇಜಿನ ಆಚೆ ನಾಲ್ಕು ಜನ. ಅವರಲ್ಲಿ ಕನ್ನಡಕ ಹಾಕಿದ ಒಬ್ಬ ಮೇಡಂ ಕಾಗದವನ್ನೆಲ್ಲ ಬದಿಗಿಟ್ಟು ಶಿವುವನ್ನೇ ನೋಡಿ ಕೇಳಿದರು: "ಶಿವಕುಮಾರ್, ನಿಮ್ಮ ಅಕ್ಕ ನಿಮ್ಮ ಗಾರ್ಡಿಯನ್ ಆಗ್ತೀನಿ ಅಂತಿದಾರೆ. ನಿಮಗೆ ಇಷ್ಟಾನಾ?"

"ಇಷ್ಟ ಮೇಡಂ. ಅವನಿಗೆ ನಾನಂದ್ರೆ ಪ್ರಾಣ," ಅಂದೆ ನಾನು.

"ನಾನು ಅವರನ್ನ ಕೇಳಿದ್ದು."

"ಹೂಂ ಮೇಡಂ, ಅವನು ಸ್ವಲ್ಪ ನಿಧಾನ. ಶಿವು, ಹೇಳು ಪುಟ್ಟಾ, ಇಷ್ಟ ಅನ್ನು."

ಮೇಡಂ ನನ್ನ ಕಡೆ ಕೈ ತೋರಿಸಿ ಸುಮ್ಮನಿರಿ ಎಂದು ಸನ್ನೆ ಮಾಡಿದರು. ಶಿವು ತನ್ನ ಬೆರಳುಗಳನ್ನೇ ನೋಡುತ್ತಾ ಕುಳಿತಿದ್ದ. ಆಮೇಲೆ ತಲೆಯೆತ್ತಿ, ಸ್ಪಷ್ಟವಾಗಿ, "ಬೇಡ. ಅಕ್ಕ ಬೇಡ," ಅಂದ.

ಅಮ್ಮ "ಅಯ್ಯೋ ಶಿವನೇ" ಅಂದರು. "ಬೆಳಿಗ್ಗೆ ತಿಂಡಿ ಸರಿಯಾಗಿ ತಿಂದಿಲ್ಲ ಮೇಡಂ, ಅದಕ್ಕೆ..." ಎಂದು ಏನೇನೋ ಹೇಳಹೋದೆ. ಮೇಡಂ ನಗಲೂ ಇಲ್ಲ, ಗದರಲೂ ಇಲ್ಲ. ದಸರಾ ಆದ ಮೇಲೆ ಇನ್ನೊಂದು ದಿನಾಂಕ ಕೊಡುತ್ತೇವೆ ಎಂದರು. ಹೊರಡುವಾಗ ಒಂದು ಚೀಟಿ ಬರೆದುಕೊಟ್ಟು, "ಬಸವನಗುಡಿಯಲ್ಲಿ ಇಂಥವರ ಅಣ್ಣತಮ್ಮಂದಿರು, ಅಕ್ಕತಂಗಿಯರು ತಿಂಗಳಿಗೊಂದು ಭಾನುವಾರ ಸೇರ್ತಾರೆ. ಒಂದ್ಸಲ ಹೋಗಿಬನ್ನಿ," ಅಂದರು. ಅಜ್ಜಿಗೇ ಕೆಮ್ಮು ಕಲಿಸಲು ಹೊರಟರಲ್ಲ ಎಂದು ಚೀಟಿಯನ್ನು ಬ್ಯಾಗಿನ ತಳಕ್ಕೆ ತುರುಕಿದೆ.

ಮನೆಗೆ ಬಂದು ಶಿವು ಎಂದಿನಂತೆ ಮಧ್ಯಾಹ್ನದ ಊಟ ಮಾಡಿ ಮಲಗಿದ. ನಾನು ಅಡುಗೆಮನೆಯಲ್ಲಿ ಅಮ್ಮನ ಮುಂದೆ ಅತ್ತೆ. ಇಷ್ಟು ವರ್ಷ ಮಾಡಿದ್ದೆಲ್ಲ ನೀರಲ್ಲಿ ಹೋಮ ಮಾಡಿದ ಹಾಗಾಯಿತಲ್ಲ ಎಂದು ಅತ್ತೆ. ಕೋಪವೂ ಇತ್ತು. ಅವನ ಮೇಲೆ ಕೋಪ ಮಾಡಿಕೊಳ್ಳುವ ಹಾಗಿಲ್ಲ, ಅದಕ್ಕೆ ಅಮ್ಮನ ಮೇಲೆ, ಗಂಡ ಮಹೇಶನ ಮೇಲೆ, ಎಂಟನೇ ತರಗತಿಯ ಮಕ್ಕಳ ಮೇಲೆ ವಾರವಿಡೀ ಹರಿಹಾಯ್ದೆ.

ಕೊನೆಗೆ ಮಹೇಶನೇ ಆ ಚೀಟಿ ಹುಡುಕಿ ತೆಗೆದು, "ಒಂದ್ಸಲ ಹೋಗ್ಬಾರೇ ಮಾರಾಯ್ತಿ, ನಾವೂ ಒಂದು ಭಾನುವಾರ ನೆಮ್ಮದಿಯಾಗಿರ್ತೀವಿ," ಅಂದ. ಹೋದೆ.

ಒಂದು ಸಣ್ಣ ಶಾಲೆಯ ಮಹಡಿಯ ಮೇಲಿನ ಕೋಣೆ. ಹತ್ತು ಹನ್ನೆರಡು ಜನ, ಕಾಲೇಜು ಹುಡುಗಿಯಿಂದ ಹಿಡಿದು ನಿವೃತ್ತರಾದವರವರೆಗೆ. ನಡೆಸುತ್ತಿದ್ದವರು ಮಾವಳ್ಳಿಯ ಗೌತಮ್ ಎಂಬುವರು, ವಿದ್ಯುತ್ ಇಲಾಖೆಯಲ್ಲಿ ಲೈನ್‌ಮನ್, ಅವರ ಅಕ್ಕನಿಗೆ ಆಟಿಸಂ. ಅಲ್ಲಿ ಒಂದು ವಿಚಿತ್ರ ನಿಯಮವಿತ್ತು. ಹೊಸದಾಗಿ ಬಂದವರು ಎದ್ದು ನಿಂತು ತಮ್ಮ ಪರಿಚಯ ಹೇಳಿಕೊಳ್ಳಬೇಕು, ಆದರೆ ಅಣ್ಣನ ವಿಷಯ, ತಂಗಿಯ ವಿಷಯ ಒಂದು ಮಾತೂ ಬರಬಾರದು.

ಅದೇನು ಮಹಾ ಎಂದುಕೊಂಡು ಎದ್ದೆ. "ನಾನು ಉಮಾ. ಟೀಚರು. ನನಗೆ ಒಬ್ಬ ತಮ್ಮ..."

"ಔಟ್!" ಅಂದರು ಎಲ್ಲರೂ ಒಟ್ಟಿಗೆ.

"ಸರಿ. ನಾನು ಉಮಾ. ಮನೆ ಮಲ್ಲೇಶ್ವರ. ಅಲ್ಲಿ ಮೇಲ್ಗಡೆ ಒಂದು ರೂಮು ಕಟ್ಸಿದೀನಿ, ನಮ್ಮ ಶಿವುಗೆ..."

"ಔಟ್!"

ಮೂರನೇ ಸಲ, ನಲವತ್ತೈದು ಮಕ್ಕಳನ್ನು ಬಾಯಿಯಲ್ಲೇ ಕಟ್ಟಿಹಾಕುವವಳು ಅಲ್ಲಿ ಕಲ್ಲಿನ ಹಾಗೆ ನಿಂತೆ. ಕೊನೆಗೆ, "ನನಗೆ ಮಸಾಲೆ ದೋಸೆಗಿಂತ ಖಾಲಿ ದೋಸೆ ಇಷ್ಟ," ಅಂದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಯಾಕೋ ಏನೋ, ಕಣ್ಣಲ್ಲಿ ನೀರು ಬಂತು. ಪಕ್ಕದಲ್ಲಿದ್ದ ಕಾಲೇಜು ಹುಡುಗಿ ಕರ್ಚೀಫು ಕೊಟ್ಟು, "ಎಲ್ಲರಿಗೂ ಆಗತ್ತೆ ಆಂಟಿ," ಅಂದಳು.

ಆಮೇಲೆ ಸಮಿತಿಯಲ್ಲಿ ನಡೆದದ್ದನ್ನು ಹೇಳಿದೆ. ಯಾರೂ ಅಯ್ಯೋ ಪಾಪ ಅನ್ನಲಿಲ್ಲ. ಗೌತಮ್ ನಕ್ಕರು. "ಮೇಡಂ, ನಮ್ಮಕ್ಕ ಕಾಫಿ ಕುಡಿಯಲ್ಲ ಅಂತ ಇಪ್ಪತ್ತು ವರ್ಷ ಎಲ್ರ ಮನೇಲೂ ನಾನೇ ಹೇಳ್ಕೊಂಡ್ಬಂದೆ. ಒಂದಿನ ಬಾಯಿಗೆ ಬೀಗ ಹಾಕ್ಕೊಂಡು ಕೂತೆ. ತುಂಬಾ ಹೊತ್ತಾದ್ಮೇಲೆ ಅಕ್ಕ ಕಾಫಿ ಲೋಟದ ಕಡೆ ಕೈ ತೋರ್ಸಿದ್ಲು. ಇಪ್ಪತ್ತು ವರ್ಷದ ಕಾಫಿ ತಪ್ಸಿದೀನಿ ನಾನು. ಹೆಂಗೆ ತೀರ್ಸೋದು ಹೇಳಿ?"

"ನಾನೇನು ಮಾಡ್ಲಿ ಈಗ?"

"ಏನೂ ಮಾಡ್ಬೇಡಿ. ಪ್ರಶ್ನೆ ಅವರಿಗೆ ಬಂದಾಗ ಮನಸ್ಸಲ್ಲೇ ಇಪ್ಪತ್ತು ಎಣಿಸಿ. ಇಪ್ಪತ್ತಾದ್ಮೇಲೂ ಬಾಯಿ ಬಿಡ್ಬೇಡಿ."

ಕೇಳಲು ಎಷ್ಟು ಸುಲಭ! ಮರುದಿನವೇ ಶಿವುವನ್ನು ಹೋಟೆಲಿಗೆ ಕರೆದುಕೊಂಡು ಹೋದೆ. ಮಾಣಿ ಬಂದು "ಏನ್ ಕೊಡ್ಲಿ?" ಅಂದ. ನಾನು ಎಣಿಸಲು ಶುರು ಮಾಡಿದೆ. ಆರು ಎನ್ನುವಷ್ಟರಲ್ಲಿ ನಾಲಿಗೆ ತುದಿಗೆ "ಇಡ್ಲಿ" ಬಂದು ಕೂತಿತ್ತು, ಏಕೆಂದರೆ ಶಿವುವಿಗೆ ಇಡ್ಲಿಯೇ ಇಷ್ಟ ಎಂದು ಇಡೀ ವಂಶಕ್ಕೆ ಗೊತ್ತು. ತುಟಿ ಕಚ್ಚಿಕೊಂಡೆ. ಮಾಣಿ ನನ್ನನ್ನು, ನಾನು ಗೋಡೆಯನ್ನು ನೋಡುತ್ತಿದ್ದೆವು. ಹದಿನಾಲ್ಕಕ್ಕೆ ಶಿವು, "ಪೂರಿ. ಎರಡು ಪ್ಲೇಟು," ಅಂದ. ಎರಡನೇ ಪ್ಲೇಟು ನನಗಂತೆ. ನನಗೆ ಏನು ಬೇಕೆಂದು ಅವನು ಕೇಳಲಿಲ್ಲ, ಥೇಟ್ ನನ್ನ ತಮ್ಮ.

ಗೌರಿ ಹಬ್ಬದ ಹಿಂದಿನ ಶನಿವಾರ ಅವನ ಜೊತೆ ಅವನ ಕೆಲಸದ ಜಾಗಕ್ಕೆ ನಡೆದುಕೊಂಡು ಹೋದೆ. ಮನೆಯಿಂದ ಮೂರು ಬೀದಿ ಆಚೆ ಶೆಟ್ಟರ ಗ್ರಂಥಿಗೆ ಅಂಗಡಿ ಇದೆ, ಪೂಜೆ ಸಾಮಾನಿನದು. ಹನ್ನೊಂದು ವರ್ಷದಿಂದ ಶಿವು ಅಲ್ಲಿ ಪ್ಯಾಕೆಟ್ ಕಟ್ಟುತ್ತಾನೆ. ದಾರಿಯುದ್ದಕ್ಕೂ ನಾನು ಮಾತಾಡಬಾರದು ಎಂದು ಪಣ ತೊಟ್ಟಿದ್ದೆ. ಮಾತು ನಿಲ್ಲಿಸಿದ ಮೇಲೆ ನನಗೆ ಬೇರೆಯವರ ಮಾತು ಕೇಳಿಸಲು ಶುರುವಾಯಿತು. ಹೂವಿನಾಕೆ "ಶಿವಣ್ಣಾ, ಇವತ್ತು ಲೇಟು!" ಅಂದಳು. ಇಸ್ತ್ರಿ ಅಂಗಡಿಯವರು "ಅಮ್ಮ ಹೆಂಗಿದಾರೆ?" ಅಂದರು. ಸೈಕಲ್ಲಿನಲ್ಲಿ ಹೋಗುತ್ತಿದ್ದ ಮುದುಕರೊಬ್ಬರು ಕಾಲೂರಿ ನಿಂತು ಕೈಕುಲುಕಿ ಹೋದರು. ಮೂರು ಬೀದಿಯಲ್ಲಿ ಏಳು ಜನ ಅವನನ್ನು ಹೆಸರು ಹಿಡಿದು ಕರೆದರು. ಮಲ್ಲೇಶ್ವರದಲ್ಲಿ ಹದಿನೆಂಟು ವರ್ಷದಿಂದ ಇರುವ ನನ್ನನ್ನು ನಮ್ಮ ಬೀದಿಯಲ್ಲಿ ಹೆಸರು ಹಿಡಿದು ಕರೆಯುವವರು ಇಬ್ಬರೋ ಮೂವರೋ.

ಅಂಗಡಿಯ ಹತ್ತಿರ ಬಂದಾಗ ಶಿವು ನಿಂತ. ನಾನು ಏನೂ ಕೇಳಿರಲಿಲ್ಲ. ಅವನಾಗಿಯೇ, "ಅಕ್ಕ, ನಾನು ಮಲ್ಲೇಶ್ವರಕ್ಕೆ ಬರಲ್ಲ," ಅಂದ.

ಯಾಕೋ ಎಂದೆ. ಕಾದೆ. ಇಪ್ಪತ್ತು ದಾಟಿತು, ಮೂವತ್ತೂ ದಾಟಿತು.

"ಅಲ್ಲಿ ಅಂಗಡಿ ಇಲ್ಲ," ಅಂದ. ಇನ್ನೂ ಸ್ವಲ್ಪ ಹೊತ್ತು ಬಿಟ್ಟು, "ಅಲ್ಲಿ ಯಾರೂ ನನ್ನ ಕರೆಯಲ್ಲ," ಅಂದ.

ಆ ನೀಲಿ ರೂಮಿನ ವಿಷಯವನ್ನು ನಾನು ಬಂದವರಿಗೆಲ್ಲ ಹೇಳಿದ್ದೆ, ಅವನ ಎದುರಿಗೇ ಹೇಳಿದ್ದೆ. ಆದರೆ ಅವನಿಗೆ ಹೇಳಿರಲಿಲ್ಲ. ಕೇಳಿಯಂತೂ ಇರಲೇ ಇಲ್ಲ. ಗಾರ್ಡಿಯನ್ ಅಂದರೆ ಅಕ್ಕ ಬಂದು ಎತ್ತಿಕೊಂಡು ಹೋಗುವುದು ಎಂದು ಅವನು ತಿಳಿದುಕೊಂಡಿದ್ದ. ತಪ್ಪೇನೂ ತಿಳಿದಿರಲಿಲ್ಲ. ನಾನು ಮಾಡಬೇಕೆಂದಿದ್ದು ಅದನ್ನೇ. ಅವನಿಗೆ ನನ್ನ ಮೇಲೆ ಪ್ರೀತಿ ಇಲ್ಲವೆಂದು ಇಷ್ಟು ದಿನ ಅತ್ತಿದ್ದೆನಲ್ಲ, ನನಗೆ ನಾಚಿಕೆಯಾಯಿತು.

ಒಳಗೆ ಶಿವು ನೆಲದ ಮೇಲೆ ಚಾಪೆ ಹಾಸಿ ಕೂತ. ಬಾಗಿನದ ಸಾಮಾನು ಕಟ್ಟುವುದು ಅವನ ಕೆಲಸ. ಅರಿಶಿನ, ಕುಂಕುಮ, ಕರಿಮಣಿ, ಬಿಚ್ಚೋಲೆ, ಬಳೆ, ಕನ್ನಡಿ, ಬಾಚಣಿಗೆ, ಎಲ್ಲವನ್ನೂ ಎದುರಿಗೆ ಒಂದೇ ಸಾಲಿನಲ್ಲಿ ಇಟ್ಟುಕೊಂಡು ಎಡದಿಂದ ಬಲಕ್ಕೆ ಒಂದೊಂದೇ ಎತ್ತಿ ಹಾಕುತ್ತಾನೆ. ಮಧ್ಯೆ ಯಾರಾದರೂ ಮಾತಾಡಿಸಿದರೆ ಅರ್ಧ ತುಂಬಿದ ಪ್ಯಾಕೆಟ್ಟನ್ನು ಸುರಿದು ಮೊದಲಿನಿಂದ ಶುರು. ನಾನು ಮಾತಾಡಿಸಿ ಎರಡು ಸಲ ಸುರಿಸಿದೆ. ಶೆಟ್ಟರು ನಗುತ್ತಾ, "ತಾಯಿ, ನೀವು ಹೊರಡಿ. ಅವನು ಕಟ್ಟಿದ್ರಲ್ಲಿ ಒಂದು ಬಳೆ ಕಮ್ಮಿ ಅಂತ ಇದುವರೆಗೂ ಯಾರೂ ವಾಪಸ್ ಬಂದಿಲ್ಲ. ಹಬ್ಬದ ಟೈಮಲ್ಲಿ ಅವನಿಲ್ದಿದ್ರೆ ನನ್ನ ಗತಿ ಅಷ್ಟೇ," ಅಂದರು. ಅಲ್ಲಿಂದ ನಾನು ಸುಮ್ಮನೆ ಎದ್ದು ಬಂದೆ.

ಮನೆಗೆ ಬಂದು ಮಹೇಶನಿಗೆ ಎಲ್ಲ ಹೇಳಿದೆ. ಅವನು ಕಡಿಮೆ ಮಾತಿನವನು. "ಅವನು ಬರಲ್ಲ ಅಂದ್ರೆ ನಾವೇ ಹೋಗೋಣ. ನಿಮ್ಮಮ್ಮನ ಮನೆ ಮೇಲಿನ ಭಾಗ ಖಾಲಿ ಇದೆಯಲ್ಲ," ಅಂದ. ಬಾಡಿಗೆಯವರು ಬಿಟ್ಟು ಮೂರು ತಿಂಗಳಾಗಿತ್ತು, ನಿಜ. ಮಗಳು ಮೈಸೂರಿನ ಹಾಸ್ಟೆಲಿನಲ್ಲಿ ಓದುತ್ತಿದ್ದಾಳೆ, ಅದೂ ನಿಜ. ಆದರೆ ನನ್ನ ಅಡುಗೆಮನೆ? ಐದು ನಿಮಿಷಕ್ಕೆ ನಡೆದು ಹೋಗುವ ಶಾಲೆ? ಅಷ್ಟು ಆಸೆಯಿಂದ ಕಟ್ಟಿಸಿದ ಆ ರೂಮು? ಜೊತೆಗೆ ಅಮ್ಮನೂ ನಾನೂ ಒಂದೇ ಮನೆಯಲ್ಲಿದ್ದರೆ ದಿನಕ್ಕೆ ಎರಡು ಜಗಳ ಗ್ಯಾರಂಟಿ. "ನೋಡೋಣ," ಅಂದೆ.

ಮುಂದಿನ ಭಾನುವಾರ ಚಾಮರಾಜಪೇಟೆಯಲ್ಲಿ ಊಟಕ್ಕೆ ಕೂತಾಗ ಮಹೇಶ ಆ ಮಾತನ್ನು ಎಲ್ಲರ ಎದುರಿಗೆ ಎತ್ತಿದ. ಅಮ್ಮನ ಮುಖ ಅರಳಿತು. ಶಿವು ತುತ್ತು ಕೈಯಲ್ಲಿ ಹಿಡಿದು ನನ್ನನ್ನೇ ನೋಡಿದ. ನಾನು ಸಾರಿನ ಪಾತ್ರೆ ಎತ್ತಿಕೊಂಡು, "ನೋಡೋಣ ನೋಡೋಣ, ಮೊದ್ಲು ಊಟ ಮಾಡಿ," ಎಂದು ಒಳಗೆ ಹೋದೆ. ನಮ್ಮ ಮನೆಯಲ್ಲಿ ಯಾರಾದರೂ ಎರಡು ಸಲ "ನೋಡೋಣ" ಅಂದರೆ ಅದು ಆಗದ ಕೆಲಸ ಎಂದು ಮಕ್ಕಳಿಗೂ ಗೊತ್ತು.

ದಸರಾ ಮುಗಿಯಿತು. ಸಮಿತಿಯಿಂದ ಕರೆ ಬಂತು. ಅದೇ ಕೋಣೆ, ಅದೇ ಮೇಡಂ. ಅಮ್ಮ ಅಂದು ಬೆಳಿಗ್ಗೆಯಿಂದ ನೀರೂ ಕುಡಿದಿರಲಿಲ್ಲ. ಇನ್ನೊಂದು ಸಲ ಶಿವು ಬೇಡವೆಂದರೆ ಮುಂದೇನು ಎಂಬುದು ನಮ್ಮಿಬ್ಬರಿಗೂ ಗೊತ್ತಿರಲಿಲ್ಲ.

ಮೇಡಂ ಈ ಸಲ ಬಿಡಿಸಿ ಕೇಳಿದರು. "ಶಿವಕುಮಾರ್, ಅಕ್ಕ ನಿಮ್ಮ ಗಾರ್ಡಿಯನ್ ಆದ್ರೆ ನಿಮಗೆ ಬೇಕಾದಾಗ ಸಹಾಯ ಮಾಡ್ತಾರೆ. ನೀವು ಎಲ್ಲಿರ್ಬೇಕು ಅಂತ ನಿಮ್ಮನ್ನ ಕೇಳ್ತಾರೆ. ಅಕ್ಕ ಆಗ್ಬಹುದಾ?"

ನಾನು ಬಾಯಿ ತೆರೆಯಲಿಲ್ಲ. ಮೇಡಂ ಕೂಡ ಅವಸರ ಮಾಡಲಿಲ್ಲ. ಶಿವು ಬೆರಳು ನೋಡಿಕೊಂಡ, ಕಿಟಕಿ ನೋಡಿದ. ಆಮೇಲೆ ಅವನು ಮೇಡಂ ಕಡೆಗೆ ತಿರುಗಲಿಲ್ಲ. ಕುರ್ಚಿಯನ್ನೇ ಸರಿಸಿಕೊಂಡು ನನ್ನ ಕಡೆಗೆ ತಿರುಗಿದ.

"ಅಕ್ಕ, ನಮ್ಮನೆ ಮೇಲೆ ಬರ್ತೀಯಾ?"

ಹೌದು ಅನ್ನಬೇಕೋ, ನೋಡೋಣ ಅನ್ನಬೇಕೋ. ಮೇಜಿನ ಆಚೆ ನಾಲ್ಕು ಜನ ಕಾಯುತ್ತಿದ್ದಾರೆ. ಅಮ್ಮ ತಡೆಯಲಾರದೆ, "ಬರ್ತಾಳೆ ಕಣೋ, ಬರ್ತಾಳೆ," ಎಂದುಬಿಟ್ಟರು.

ಶಿವು ಅಮ್ಮನ ತೊಡೆಯ ಮೇಲೆ ಕೈಯಿಟ್ಟ. "ಅಮ್ಮ, ಸುಮ್ನಿರು. ಅಕ್ಕ ಹೇಳ್ತಾಳೆ," ಅಂದ. ಹಾಗಂದು ನನ್ನ ಮುಖವನ್ನೇ ನೋಡುತ್ತಾ ಕೂತ. ಅವಸರವಿಲ್ಲ, ಬೇಸರವಿಲ್ಲ. ನನ್ನ ಜೀವನದಲ್ಲಿ ಯಾರೂ ನನಗಾಗಿ ಅಷ್ಟು ಹೊತ್ತು, ಅಷ್ಟು ಸಮಾಧಾನವಾಗಿ ಕಾದದ್ದಿಲ್ಲ.

"ಬರ್ತೀನಿ ಶಿವು," ಅಂದೆ. ಹೇಳಿದ ಮೇಲೆ ಗೊತ್ತಾಯಿತು, ನನಗೆ ನಿಜವಾಗಿಯೂ ಹೋಗಬೇಕೆಂದಿತ್ತು.

ಶಿವು ಕುರ್ಚಿ ತಿರುಗಿಸಿಕೊಂಡು ಮೇಡಂಗೆ, "ಆಯ್ತು. ಬರ್ಕೊಳ್ಳಿ," ಅಂದ.

ಇಡೀ ಕೋಣೆ ನಕ್ಕಿತು. ಮೇಡಂ ಕನ್ನಡಕ ತೆಗೆದು ಒರೆಸಿಕೊಂಡು, ಅವನು ಹೇಳಿದ ಹಾಗೆಯೇ ಬರೆದುಕೊಂಡರು.

ಈಗ ನಾವು ಚಾಮರಾಜಪೇಟೆಯ ಮೇಲಿನ ಮನೆಯಲ್ಲಿದ್ದೇವೆ. ಬೆಳಿಗ್ಗೆ ಮಾರ್ಕೆಟ್ ಸ್ಟೇಷನ್ನಿನಲ್ಲಿ ಮೆಟ್ರೋ ಹತ್ತಿ ಸಂಪಿಗೆ ರಸ್ತೆಯಲ್ಲಿ ಇಳಿದು ಶಾಲೆಗೆ ಹೋಗುತ್ತೇನೆ. ಅಮ್ಮನ ಜೊತೆ ದಿನಕ್ಕೆ ಎರಡು ಜಗಳ ಅಂದುಕೊಂಡಿದ್ದೆ, ಒಂದೂವರೆಗೆ ಮುಗಿಯುತ್ತಿದೆ. ಶಿವುವಿನ ಮಾತನ್ನು ನಾನೇ ಆಡಿಬಿಡುವ ಚಾಳಿ ಪೂರ್ತಿ ಹೋಗಿದೆ ಎಂದರೆ ಸುಳ್ಳಾಗುತ್ತದೆ. ಆದರೆ ಈಗ ಅವನು ನನಗೂ "ಸುಮ್ನಿರು" ಅನ್ನುತ್ತಾನೆ.

ಚಿಕ್ಕಂದಿನಿಂದಲೂ ನನ್ನ ಮನಸ್ಸಿನಲ್ಲಿದ್ದದ್ದು ಒಂದೇ: ಶಿವು ನನ್ನ ಪಾಲಿಗೆ ಬಂದವನು, ಅವನನ್ನು ನೋಡಿಕೊಳ್ಳುವುದು ನನ್ನ ಹಣೆಯಲ್ಲಿ ಬರೆದದ್ದು. ಹಾಗೆಂದು ಹೆಮ್ಮೆಪಟ್ಟಿದ್ದೇನೆ, ಒಬ್ಬಳೇ ಕೂತು ಅತ್ತೂ ಇದ್ದೇನೆ. ಅವನಿಗೂ ನನ್ನನ್ನು ಬೇಕು ಅನ್ನುವ, ಬೇಡ ಅನ್ನುವ ಹಕ್ಕಿದೆ ಎಂದು ನನಗೆ ಹೊಳೆದೇ ಇರಲಿಲ್ಲ. ಮೊದಲ ಸಲ ಅವನು ಬೇಡವೆಂದ. ಎರಡನೇ ಸಲ ನನ್ನನ್ನು ಕೇಳಿ, ಉತ್ತರಕ್ಕೆ ಕಾದು, ಬೇಕು ಎಂದು ಆರಿಸಿಕೊಂಡ. ಹುಟ್ಟಿನಿಂದ ಅಕ್ಕನಾಗಿರುವುದು ಬೇರೆ, ಯೋಚಿಸಿ ನೋಡಿ ಅಕ್ಕನಾಗು ಎಂದು ಕರೆಸಿಕೊಳ್ಳುವುದು ಬೇರೆ. ಸಮಿತಿ ಕೊಟ್ಟ ಗಾರ್ಡಿಯನ್ ಕಾಗದವನ್ನು ಅಮ್ಮ ಅಪ್ಪಾಜಿಯ ಹಳೆಯ ಪೆಟ್ಟಿಗೆಯಲ್ಲಿ ಭದ್ರವಾಗಿ ಇಟ್ಟಿದ್ದಾರೆ. ನಾನು ಆಗಾಗ ಅದನ್ನು ತೆಗೆದು ಓದುತ್ತೇನೆ, ಓದಿದಾಗಲೆಲ್ಲ ಮನಸ್ಸು ತುಂಬಿ ಬರುತ್ತದೆ.